ತಕ್ಕಡಿ ತಂದ ಮೇಷ್ಟ್ರು

ಮಳೆಗಾಲ ಶುರುವಾದರೆ ಮಂಡ್ಯದಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, ಕಟ್ಟೇಲಿ ಇವತ್ತು ಎಷ್ಟಡಿ ನೀರು? ಎಂಟನೇ ಕ್ಲಾಸಿನ ನಮ್ಮ ಗಣಿತದ ಮೇಷ್ಟ್ರು ಬೆಳಗ್ಗೆ ಪೇಪರ್ ನೋಡಿಕೊಂಡು ಬಂದು ಬೋರ್ಡಿನ ಮೂಲೆಯಲ್ಲಿ ಕೆಆರ್‌ಎಸ್ ಮಟ್ಟ ಬರೆಯುತ್ತಿದ್ದರು. ಗರಿಷ್ಠ 124.80 ಅಡಿ ಅನ್ನೋದು ನಮಗೆ ಮನೆಯಲ್ಲೇ ಬಾಯಿಪಾಠ ಆಗಿತ್ತು. ತುಂಬೋಕೆ ಇನ್ನೆಷ್ಟು ಬೇಕು? ದಶಮಾಂಶ ಕಳೆಯೋದನ್ನು ನಾನು ಕಲಿತದ್ದೇ ಹಾಗೆ.

ಒಂದು ದಿನ ಕೇಳಿದರು, 'ಪೂರ್ತಿ ತುಂಬಿದರೆ ಸುಮಾರು 49 ಟಿಎಂಸಿ. 62.40 ಅಡಿ ಇದ್ದಾಗ ಎಷ್ಟು?' ಅರ್ಧ ಸಾರ್ ಅಂತ ಎಲ್ಲರೂ ಕೂಗಿದೆವು. ಮೇಷ್ಟ್ರು ಸುಮ್ನೆ ಒಂದು ಬಾಣಲೆ ಬರೆದರು. ತಳ ಕಿರಿದು, ಮೇಲೆ ಅಗಲ. 'ಅರ್ಧ ಎತ್ತರಕ್ಕೆ ಎಣ್ಣೆ ಹಾಕಿದ್ರೆ ಅರ್ಧ ಬಾಣಲೆ ಎಣ್ಣೆ ಆಯ್ತದೇನ್ರೋ? ಯಾವುದರಲ್ಲಿ ಅರ್ಧ ಅಂತ ಮೊದಲು ಕೇಳ್ಕೊಳ್ಳಿ.'

ಎಕ್ಸ್ ಅಂದರೆ ನನಗೆ ಹೆದರಿಕೆ ಇತ್ತು. ಅದು ಹೋದದ್ದು ಅವರು ತಕ್ಕಡಿ ತಂದ ದಿನ. ಕಿರಾಣಿ ಅಂಗಡಿಯಿಂದ ಕೇಳಿ ತಂದದ್ದು, ಜೊತೆಗೆ ಒಂದು ಚೀಲ ಅಚ್ಚುಬೆಲ್ಲ. ಎಡಗಡೆ ತಟ್ಟೆಗೆ ಮೂರು ಅಚ್ಚು, 200 ಗ್ರಾಂ ಕಲ್ಲು. ಬಲಗಡೆ ಒಂದು ಅಚ್ಚು, 500ರದ್ದೊಂದು, 200ರದ್ದೊಂದು ಕಲ್ಲು. ಮುಳ್ಳು ನೆಟ್ಟಗೆ ನಿಂತಿತು. ನನ್ನನ್ನೇ ಕರೆದು ಎರಡೂ ಕಡೆಯಿಂದ ಒಂದೊಂದು ಅಚ್ಚು ತೆಗೆಸಿದರು, ಆಮೇಲೆ ಎರಡೂ 200ರ ಕಲ್ಲು ತೆಗೆಸಿದರು, ಮುಳ್ಳು ಅಲ್ಲಾಡಿ ಅಲ್ಲಾಡಿ ಮತ್ತೆ ನೆಟ್ಟಗಾಯಿತು. ಈ ಕಡೆ ಎರಡು ಅಚ್ಚು, ಆ ಕಡೆ 500 ಗ್ರಾಂ. ಒಂದಚ್ಚು 250! ಆಮೇಲೆ ಬೋರ್ಡಿನಲ್ಲಿ 3ಎಕ್ಸ್ + 200 = ಎಕ್ಸ್ + 700 ಅಂತ ಬರೆದಾಗ ನನ್ನ ಕೈಗೆ ಇನ್ನೂ ಬೆಲ್ಲ ಅಂಟಿಕೊಂಡಿತ್ತು. ಎರಡೂ ಕಡೆಯಿಂದ ಕಳೆಯೋದು ಅಂದರೆ ಇದೇ ಅಲ್ವಾ ಅನ್ನಿಸಿತು. ಕ್ಲಾಸು ಮುಗಿದ ಮೇಲೆ ಆ ಬೆಲ್ಲವನ್ನು ಎಲ್ಲರಿಗೂ ಒಡೆದು ಹಂಚಿದರು.

ಅದೇ ವರ್ಷ ಆಷಾಢದಲ್ಲಿ ಅಮ್ಮನ ಜೊತೆ ಮೈಸೂರಿಗೆ ಸೀರೆ ತರೋಕೆ ಹೋಗಿದ್ದೆ. ಅಂಗಡಿ ಮುಂದೆ ದೊಡ್ಡ ಬೋರ್ಡು, ಶೇ. 20 ರಿಯಾಯಿತಿ, ಅದರ ಮೇಲೆ ಮತ್ತೆ ಶೇ. 10. ಅಮ್ಮ ಇಷ್ಟಪಟ್ಟ ಸೀರೆ 2,000 ರೂಪಾಯಿ. ಪರ್ಸಿನಲ್ಲಿ ಬಸ್ ಚಾರ್ಜ್ ಬಿಟ್ಟು ಇದ್ದದ್ದು 1,400. 'ಎಷ್ಟಾಯ್ತದೆ ನೋಡ್ಲಾ ಮಗ' ಅಂದರು. ಇಪ್ಪತ್ತು ಹತ್ತು ಮೂವತ್ತು, ಸರಿಯಾಗಿ 1,400 ಅಂತ ಹೇಳಿಬಿಟ್ಟೆ. ಬಿಲ್ ಹಾಕಿಸೋಕೆ ಹೋಗುವಾಗ ಮೇಷ್ಟ್ರ ಮಾತು ನೆನಪಾಯಿತು. ಆ ಹತ್ತು ಯಾವುದರ ಮೇಲೆ? ಎರಡು ಸಾವಿರದ ಮೇಲಲ್ಲ, 1,600ರ ಮೇಲೆ. ಅಂದರೆ 160 ಹೋಗಿ 1,440. ಅಮ್ಮನ ಸೆರಗು ಹಿಡಿದು ನಿಲ್ಲಿಸಿದೆ. ಅವರು 1,900ರ ಇನ್ನೊಂದು ತೆಗೆದುಕೊಂಡರು, 1,368 ಆಯಿತು. ಉಳಿದದ್ದರಲ್ಲಿ ದೇವರಾಜ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕೊಂಡು ಅಲ್ಲೇ ಮುಡಿದರು.

ಸೋಮವಾರ ಮೇಷ್ಟ್ರಿಗೆ ಹೇಳಿದೆ. 'ಮೊದಲು ಹತ್ತು, ಆಮೇಲೆ ಇಪ್ಪತ್ತು ಕಳೆದಿದ್ರೆ?' ಅಂದರು. ಬೋರ್ಡಿನಲ್ಲೇ ಮಾಡಿದೆ, 1,800, ಮತ್ತೆ ಅದೇ 1,440. ಕೆಳಗೆ ಅವರೇ 0.9 × 0.8 = 0.72 ಅಂತ ಬರೆದು ಸುತ್ತ ಚೌಕ ಹಾಕಿ, ಇದನ್ನು ಯಾರೂ ಅಳಿಸಬೇಡಿ ಅಂದರು. ಆ ವಾರ ಪೂರ್ತಿ ಕಟ್ಟೆಯ ನೀರಿನ ಮಟ್ಟದ ಪಕ್ಕದಲ್ಲೇ ಅಮ್ಮನ ಸೀರೆಯ ಲೆಕ್ಕವೂ ಇತ್ತು.