ಫೆವಿಕಾಲ್ ಗೆರೆ

ನಮ್ಮ ಬ್ಯಾಚಿನಲ್ಲಿ ಎಲ್ಲರಿಗಿಂತ ಚೊಕ್ಕ ಪ್ಯಾಲೆಟ್ ಇದ್ದದ್ದು ಕಣ್ಣು ಕಾಣದ ಗೆಳೆಯನದು. ಹೆಸರು ಬರೆಯುವುದು ಅವನಿಗೆ ಇಷ್ಟವಿಲ್ಲ. ಆಗ ಕಲಬುರಗಿಯಲ್ಲಿ ನಮ್ಮ ಜೊತೆ ಓದಿದವರಿಗೆ ಯಾರೆಂದು ಗೊತ್ತೇ ಇದೆ.

ಚಿತ್ರಕಲಾ ಕಾಲೇಜು ಸೇರಿದಾಗ ಅವನಿಗೆ ಇದ್ದದ್ದು ಇರುಳುಗಣ್ಣು ಮಾತ್ರ. ಆಮೇಲೆ ಅಕ್ಕಪಕ್ಕದ ನೋಟ ಹೋಯಿತು, ಎದುರಿನದು ಒಂದಿಷ್ಟೇ ಉಳಿಯಿತು. ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನುವ ಕಣ್ಣಿನ ಕಾಯಿಲೆ ಬಂದರೆ ಸಾಮಾನ್ಯವಾಗಿ ನೋಟ ಹೋಗುವುದು ಹೀಗೇ. ಕೊನೆಯ ವರ್ಷ ಬೆಳಕು, ಕತ್ತಲೆ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಕಾಲೇಜು ಬಿಡುತ್ತೇನೆ ಅಂದ.

ನಮಗೆ ಚಿತ್ರಕಲೆ ಕಲಿಸುತ್ತಿದ್ದ ಸರ್ ಅವನಿಗೆ ಸಮಾಧಾನ ಹೇಳಲಿಲ್ಲ. ಮರುದಿನ ಬಿನೋದ್ ಬಿಹಾರಿ ಮುಖರ್ಜಿಯವರ ಪಾಠ ಶುರು ಮಾಡಿದರು. ಹುಟ್ಟಿನಿಂದಲೇ ನೋಟ ಮಂದವಿದ್ದ ಶಾಂತಿನಿಕೇತನದ ಕಲಾವಿದ. ಐವತ್ತರ ದಶಕದಲ್ಲಿ ಪೊರೆ ಆಪರೇಷನ್ ಕೆಟ್ಟು ಪೂರ್ತಿ ಕುರುಡಾದರು. ಆಮೇಲೂ ಬಣ್ಣದ ಕಾಗದ ಕತ್ತರಿಸಿ ಅಂಟಿಸಿದರು, ಮೇಣದ ಗೊಂಬೆ ಮಾಡಿದರು, 1972ರಲ್ಲಿ ಅಲ್ಲಿನ ಕಲಾಶಾಲೆಯಾದ ಕಲಾಭವನದ ಗೋಡೆಗೆ ಟೈಲ್ಸ್‌ನಲ್ಲಿ ದೊಡ್ಡ ಚಿತ್ರ ಮಾಡಿದರು. ಕತ್ತರಿಸಿದ ಕಾಗದಕ್ಕೆ ಅಂಚು ಇರುತ್ತದೆ, ಬೆರಳಿಗೆ ಅದು ಸಿಗುತ್ತದೆ. ಸರ್ ಒತ್ತಿ ಹೇಳಿದ್ದು ಇದನ್ನೇ.

ಅಂಚು ಬೇಕು ಅಂತ ಗೊತ್ತಾದ ಮೇಲೆ ಅವನು ಫೆವಿಕಾಲ್ ಹಿಡಿದ. ಕ್ಯಾನ್ವಾಸಿನ ಚೌಕಟ್ಟಿಗೆ ಸುತ್ತಲೂ ಒಂದೇ ಅಳತೆಯಲ್ಲಿ ಸಣ್ಣ ಮೊಳೆ ಹೊಡೆದು ದಾರ ಕಟ್ಟುತ್ತಿದ್ದ. ಎಡಗೈ ದಾರದ ಮೇಲೆ, ಬಲಗೈಯಲ್ಲಿ ಬಾಟಲಿ. ಮೂತಿ ಒತ್ತುತ್ತಾ ಗೆರೆ ಎಳೆಯುವುದು. ಹಸಿ ಗೆರೆಗೆ ಬೆರಳು ತಾಗಿದರೆ ಕೆಟ್ಟಿತು. ಅದಕ್ಕೇ ಎಲ್ಲಾ ಗೆರೆ ಒಂದೇ ಸಲ ಎಳೆಯುತ್ತಿರಲಿಲ್ಲ. ಒಂದಿಷ್ಟು ಎಳೆದು ಬಿಸಿಲಿಗಿಡುತ್ತಿದ್ದ. ನಮ್ಮೂರ ಬಿಸಿಲು ಗೊತ್ತಲ್ವಾ, ಮಧ್ಯಾಹ್ನದೊಳಗೆ ಗೆರೆ ಗಟ್ಟಿ. ಆಮೇಲೆ ಬೆರಳಲ್ಲಿ ಓದಿ ಮುಂದಿನದು. ಕೊನೆಗೆ ದಾರ ಬಿಚ್ಚಿ ಬಣ್ಣ.

ಟ್ಯೂಬುಗಳಿಗೆ ರಬ್ಬರ್ ಬ್ಯಾಂಡ್ ಹಾಕಿದ್ದ. ಬಿಳಿಗೆ ಒಂದು, ಹಳದಿಗೆ ಎರಡು. ಪ್ಯಾಲೆಟ್ಟಿನಲ್ಲಿ ಪ್ರತಿ ಬಣ್ಣಕ್ಕೂ ಕಾಯಂ ಜಾಗ, ಅದನ್ನು ಯಾರೂ ಮುಟ್ಟುವಂತಿಲ್ಲ. ಕಲ್ಲಿನ ಬಣ್ಣಕ್ಕೆ ಜರಡಿ ಹಿಡಿದ ಮರಳು ಬೆರೆಸುತ್ತಿದ್ದ, ಎಲ್ಲಿ ಹಚ್ಚಿದ್ದೇನೆ ಅಂತ ಒಣಗಿದ ಮೇಲೂ ತಿಳಿಯಲಿ ಅಂತ. ಅಮೆರಿಕದ ಕಣ್ಣು ಕಾಣದ ಚಿತ್ರಕಾರ ಜಾನ್ ಬ್ರ್ಯಾಂಬ್ಲಿಟ್ ಕೂಡ ಹೀಗೇ ಉಬ್ಬು ಗೆರೆ ಎಳೆದು ಚಿತ್ರ ಬರೆಯುತ್ತಾರೆ, ಎಣ್ಣೆಬಣ್ಣದಲ್ಲಿ ಬಿಳಿ ಮಂದ, ಕಪ್ಪು ತೆಳು ಅಂತ ಬೆರಳಲ್ಲೇ ಗುರುತಿಸುತ್ತಾರೆ. ಇದನ್ನು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಓದಿದ ದಿನವೇ ಅವನಿಗೆ ಫೋನ್ ಮಾಡಿ ಹೇಳಿದೆ.

ಕೊನೆಯ ವರ್ಷದ ದೊಡ್ಡ ಚಿತ್ರಕ್ಕೆ ಅವನು ಆರಿಸಿಕೊಂಡದ್ದು ಕೋಟೆಯೊಳಗಿನ ಜಾಮಿಯಾ ಮಸೀದಿ. 1367ರದು. ಬಯಲು ಅಂಗಳವೇ ಇಲ್ಲ, ಇಡೀ ಮಸೀದಿಗೆ ಮೇಲೆ ಛಾವಣಿ. ಹೊರಸಾಲಿನ ಕಮಾನುಗಳು ತುಂಬಾ ಅಗಲ, ಕಮಾನು ಬಾಗುವುದು ನೆಲದ ಹತ್ತಿರದಿಂದಲೇ. ಅಲ್ಲಿ ಅವನಿಗೆ ಕೈಯಿಂದ ತಿಳಿಯುವುದು ಜಾಸ್ತಿ ಇತ್ತು. ಕಂಬ ತಬ್ಬಿ ದಪ್ಪ ನೋಡುತ್ತಿದ್ದ. ಕಂಬದಿಂದ ಕಂಬಕ್ಕೆ ಹೆಜ್ಜೆ ಎಣಿಸಿ, ಆ ಲೆಕ್ಕವನ್ನೇ ಮೊಳೆಗಳ ಲೆಕ್ಕಕ್ಕೆ ಇಳಿಸುತ್ತಿದ್ದ. ಬಣ್ಣ ಮಾತ್ರ ಕಣ್ಣಿದ್ದಾಗಿನ ನೆನಪಿನಿಂದ.

ಚಿತ್ರ ನೋಡಿದವರೆಲ್ಲ "ಕಣ್ಣಿಲ್ಲದಿದ್ರೂ ಎಷ್ಟು ಚಂದ ಬರ್ದಾನ" ಅಂದರು. ಆ ಮಾತಿಗೆ ಅವನ ಮುಖ ಚಿಕ್ಕದಾಗುತ್ತಿತ್ತು. ಸರ್ ಬಂದು ಬಹಳ ಹೊತ್ತು ನೋಡಿದರು. ಅವನ ಬೆರಳು ಹಿಡಿದು ಎರಡು ಕಮಾನಿನ ಮೇಲೆ ಓಡಿಸಿದರು.

"ನೋಡಪಾ, ಎಡಗಡಿ ಕಮಾನು ಸಪ್ಪಗಾಗ್ಯದ. ಭಾರ ಹೊತ್ತಂಗ ಕಾಣ್ಸವಲ್ದು. ಕೆರದು ಮತ್ತ ಬರಿ."

"ಹೌದ್ರೀ ಸರ, ನನಗೂ ಹಂಗೇ ಅನ್ಸಿತ್ತು."

ಅವತ್ತು ಅವನು ಖುಷಿಯಾಗಿದ್ದಷ್ಟು ಆ ವರ್ಷದಲ್ಲಿ ನಾವ್ಯಾರೂ ನೋಡಿರಲಿಲ್ಲ. ಸಂಜೆಯೇ ಬ್ಲೇಡ್ ತರಿಸಿಕೊಂಡು ಎಡಗಡೆಯ ಗೆರೆ ಕೆರೆಯಲು ಕೂತ.