ಜಾತ್ರೆಗೆ ಹೊರಡುವ ಮುಂಚೆ ಫ್ರಿಜ್ಜು, ಬಂದ ಮೇಲೆ ಚೀಲ

ನಮ್ಮ ಮನೆಯಲ್ಲಿ ಜಾತ್ರೆಗೆ ಹೋಗುವುದು ಅಂತ ತೀರ್ಮಾನವಾದರೆ ಬಟ್ಟೆ, ಬಸ್ಸಿನ ವಿಚಾರ ಎಲ್ಲ ಆಮೇಲೆ. ಮೊದಲು ಫ್ರಿಜ್ ಬಾಗಿಲು ತೆಗೆದು ಒಳಗೆ ಏನೇನಿದೆ ಅಂತ ನೋಡುತ್ತೇನೆ. ಯಾಕಂದರೆ ಅಡುಗೆ ಜಾಸ್ತಿ ಹಾಳಾಗುವುದು ಹಬ್ಬ ಜಾತ್ರೆಗಳ ಹಿಂದೆಮುಂದೆಯೇ. ಒಂದು ದಿನ ಪೂರ್ತಿ ಮನೆಗೆ ಬೀಗ. ವಾಪಸ್ ಬರುವಾಗ ಚೀಲದ ತುಂಬ ತಿನ್ನುವ ಸಾಮಾನು. ಮಾರನೇ ದಿನ ಹಳೇ ಪಲ್ಯ, ಹಳೇ ಸಾರು ಯಾರಿಗೂ ಬೇಡ. ಮೂರನೇ ದಿನ ಹಳೇದೂ ಹೋಯಿತು, ಜಾತ್ರೆಯಿಂದ ತಂದಿದ್ದೂ ಹೋಯಿತು. ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಹಾಸನದವರಿಗೆ ಆಶ್ವೀಜದಿಂದ ಸಂಕ್ರಾಂತಿವರೆಗೆ ಬಿಡುವೇ ಇರುವುದಿಲ್ಲ ಅಲ್ವಾ. ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆ ಗುಡಿಯ ಬಾಗಿಲು ತೆಗೆಯುತ್ತಾರೆ. ಅಲ್ಲಿಂದ ಬಲಿಪಾಡ್ಯಮಿ ಕಳೆಯುವವರೆಗೆ ಊರಿನ ಮನೆಮನೆಯಲ್ಲೂ ನೆಂಟರು. ಮಾರ್ಗಶಿರ ಬಂದರೆ ಕಾವೇರಿ ದಡದ ರಾಮನಾಥಪುರದಲ್ಲಿ ಸುಬ್ರಹ್ಮಣ್ಯಸ್ವಾಮಿ ಷಷ್ಠಿ ತೇರು. ಜನವರಿಯಲ್ಲಿ ಚನ್ನರಾಯಪಟ್ಟಣದ ಕಡೆ ಬೂಕನಬೆಟ್ಟದ ದನಗಳ ಜಾತ್ರೆ. ನಮ್ಮ ಅತ್ತೆಯ ತವರು ಅರಕಲಗೂಡಿನ ಕಡೆ, ಹಾಗಾಗಿ ರಾಮನಾಥಪುರದ ಜಾತ್ರೆಯನ್ನು ನಾವು ತಪ್ಪಿಸುವುದಿಲ್ಲ.

ಹಾಸನಾಂಬೆಯ ಬಾಗಿಲು ತೆಗೆದಾಗ ಹಿಂದಿನ ವರ್ಷ ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದೆ, ಮುಡಿಸಿದ ಹೂ ಬಾಡಿರುವುದಿಲ್ಲ, ಇಟ್ಟ ನೈವೇದ್ಯ ಹಳಸಿರುವುದಿಲ್ಲ ಅಂತ ನಮ್ಮ ಜನರ ನಂಬಿಕೆ. ಅತ್ತೆ ಇದನ್ನು ಹೇಳುವಾಗ ದೀಪದ್ದು, ಹೂವಿನದು ಬೇಗ ಮುಗಿಸುತ್ತಾರೆ. ಅನ್ನದ ಮಾತು ಬಂದಾಗ ಮಾತ್ರ ಕೈಮುಗಿಯುತ್ತಾರೆ. ಒಲೆ ಮುಂದೆ ಇಷ್ಟು ವರ್ಷ ಕಳೆದವರಿಗೆ ಅನ್ನ ಹಳಸದೆ ಇರುವುದಕ್ಕಿಂತ ದೊಡ್ಡ ಮಹಿಮೆ ಯಾವುದಿದ್ದೀತು? ನನಗೂ ಈಗ ಹಾಗೇ ಅನ್ನಿಸುತ್ತದೆ.

ಊಟ ದಂಡ ಆಗುವುದೆಲ್ಲ ಹೋಟೆಲ್ಲು, ಕಲ್ಯಾಣಮಂಟಪಗಳಲ್ಲಿ ಅಂತ ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ವಿಶ್ವಸಂಸ್ಥೆಯವರು 2024ರಲ್ಲಿ ಕೊಟ್ಟ ವರದಿ ನೋಡಿದರೆ, 2022ರಲ್ಲಿ ಜಗತ್ತಿನಲ್ಲಿ ದಂಡವಾದ ಊಟದಲ್ಲಿ ಸುಮಾರು ಶೇ 60ರಷ್ಟು ಮನೆಗಳದ್ದೇ. ಅಂದರೆ ನಮ್ಮ ನಿಮ್ಮ ಅಡುಗೆಮನೆಯದ್ದು.

ಸರಿ, ಕೆಲಸದ ವಿಷಯಕ್ಕೆ ಬರುತ್ತೇನೆ. ಹೊರಡುವ ಎರಡು ದಿನ ಮುಂಚೆಯಿಂದ ನಾನು ಹೊಸದಾಗಿ ತರಕಾರಿ ತರುವುದಿಲ್ಲ. ಬಾಡಿದ ಸಬ್ಬಸಿಗೆ ಸೊಪ್ಪು, ಅರ್ಧ ಕ್ಯಾರೆಟ್, ಒಂದೆರಡು ಈರುಳ್ಳಿ ಇದ್ದರೆ ಅಕ್ಕಿರೊಟ್ಟಿ. ರಾತ್ರಿಯ ಅನ್ನ ಸ್ವಲ್ಪ ಇದ್ದರೆ ಅದನ್ನೂ ಕಿವುಚಿ ಹಿಟ್ಟಿಗೆ ಸೇರಿಸಿದರೆ ರೊಟ್ಟಿ ಮೆತ್ತಗೆ ಬರುತ್ತದೆ. ಮೆತ್ತಗಾದ ಟೊಮೇಟೊ ಎಲ್ಲ ಗೊಜ್ಜಿಗೆ. ಹುಳಿ ಬಂದ ದೋಸೆಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹೆಚ್ಚಿ ಹಾಕಿ, ಒಂದು ಹಿಡಿ ಅಕ್ಕಿಹಿಟ್ಟು ಬೆರೆಸಿ ಪಡ್ಡು. ಮಕ್ಕಳು ದೋಸೆಗಿಂತ ಇದನ್ನೇ ಜಾಸ್ತಿ ತಿನ್ನುತ್ತಾರೆ. ಹುಳಿ ಮೊಸರು ಮಜ್ಜಿಗೆಹುಳಿಗೆ ಹೋಗುತ್ತದೆ. ಇದು ಅವರೇಕಾಯಿ ಕಾಲವೂ ಹೌದು. ಸೊಗಡು ಚೆನ್ನಾಗಿದೆ ಅಂತ ಆಸೆಗೆ ಜಾಸ್ತಿ ತಂದಿರುತ್ತೇವೆ. ಜಾತ್ರೆ ಇದ್ದರೆ ಅದನ್ನು ಸುಲಿಯಲು ಕೂರಬೇಡಿ. ಸುಲಿದ ಕಾಳು ಬೇಗ ಕೆಡುತ್ತದೆ, ಸಿಪ್ಪೆ ಸಮೇತ ಇದ್ದರೆ ಒಂದೆರಡು ದಿನ ತಡೆಯುತ್ತದೆ.

ಇನ್ನು ಬುತ್ತಿ. ಇದರ ಬಗ್ಗೆ ನನಗೆ ಸ್ವಲ್ಪ ಹಟ ಇದೆ. ಜಾತ್ರೆಯಲ್ಲಿ ತಿನ್ನಲು ಬೇಕಾದಷ್ಟು ಸಿಗುತ್ತದೆ, ಆದರೂ ಬುತ್ತಿ ಇಲ್ಲದೆ ನಾವು ಹೊರಡುವುದಿಲ್ಲ. ಹಳಬರು ಬುತ್ತಿಗೆ ಅಂತ ಆರಿಸಿಕೊಂಡ ಅಡುಗೆಗಳನ್ನೇ ನೋಡಿ. ಪುಳಿಯೋಗರೆಯಲ್ಲಿ ಹುಣಸೆಹುಳಿ, ಎಣ್ಣೆ, ಉಪ್ಪು ಚೆನ್ನಾಗಿ ಇರುತ್ತದೆ, ಹುಳಿ ಇದ್ದ ಕಡೆ ಅನ್ನ ಅಷ್ಟು ಬೇಗ ಕೆಡುವುದಿಲ್ಲ. ಚಿತ್ರಾನ್ನ ಮಾಡುವುದಾದರೆ ನಿಂಬೆಹುಳಿ ಸ್ವಲ್ಪ ಮುಂದಾಗಿರಲಿ, ಹಸಿ ಕಾಯಿತುರಿ ಮಾತ್ರ ಹಾಕಬೇಡಿ. ಮನೆಯಲ್ಲಿ ತಿನ್ನುವ ಚಿತ್ರಾನ್ನ ಬೇರೆ, ಬುತ್ತಿಯ ಚಿತ್ರಾನ್ನ ಬೇರೆ. ಕಾಯಿ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ವಾಸನೆ ಬಂದಿರುತ್ತದೆ. ಕಾಯಿಚಟ್ನಿಯೂ ಹಾಗೇ, ಅದರ ಬದಲು ಚಟ್ನಿಪುಡಿ ಅಥವಾ ಉಪ್ಪಿನಕಾಯಿ ಸಾಕು.

ಮೊಸರನ್ನದ ಬುತ್ತಿಯನ್ನು ಅತ್ತೆ ಕಲಿಸಿದ ಹಾಗೆ ಮಾಡುತ್ತೇನೆ. ಬಿಸಿ ಅನ್ನವನ್ನು ಚೆನ್ನಾಗಿ ಕಿವುಚಿ, ಕಾಯಿಸಿದ ಹಾಲನ್ನು ಧಾರಾಳವಾಗಿ ಹಾಕಬೇಕು. ಕೈಗೆ ಬೆಚ್ಚಗೆ ಅನ್ನಿಸುವಷ್ಟು ಆರಿದ ಮೇಲೆ ಒಂದು ಚಮಚ ಮೊಸರು, ಉಪ್ಪು, ಶುಂಠಿ, ಒಗ್ಗರಣೆ. ನಾವು ತೇರು ನೋಡಿ ಊಟಕ್ಕೆ ಕೂರುವ ಹೊತ್ತಿಗೆ ಅದು ಡಬ್ಬಿಯೊಳಗೇ ಹೆಪ್ಪಾಗಿ, ಹುಳಿಯಾಗದೆ ಹದವಾಗಿ ಇರುತ್ತದೆ. ಬರೀ ಮೊಸರು ಕಲಸಿ ತಂದವರದ್ದು ಅಷ್ಟರಲ್ಲಿ ಹಲ್ಲು ಜುಮ್ಮೆನ್ನುವಷ್ಟು ಹುಳಿಯಾಗಿರುತ್ತದೆ. ಬುತ್ತಿಯನ್ನು ಲೆಕ್ಕ ಹಾಕಿ ಸ್ವಲ್ಪ ಕಡಿಮೆಯೇ ಕಟ್ಟಿ. ಬೆಳಗ್ಗೆ ಕಟ್ಟಿದ್ದನ್ನು ಮಧ್ಯಾಹ್ನ ತಿಂದು ಮುಗಿಸಬೇಕು, ಉಳಿಸಿ ರಾತ್ರಿ ಮನೆಗೆ ತರುವ ಪದಾರ್ಥ ಅದಲ್ಲ.

ರಾಮನಾಥಪುರದಲ್ಲಿ ಮಕ್ಕಳಿಗೆ ಮೊದಲು ಬೇಕಾಗುವುದು ವಹ್ನಿಪುಷ್ಕರಿಣಿಯ ಮೀನುಗಳು. ಅವು ದೇವರ ಮೀನು, ಯಾರೂ ಹಿಡಿಯುವುದಿಲ್ಲ. ಪುರಿ ಎರಚಿದರೆ ನೀರೆಲ್ಲ ಕದಡಿಹೋಗುವ ಹಾಗೆ ಮೇಲೆ ಬರುತ್ತವೆ. ನನ್ನ ಮಗಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ. ಆಮೇಲೆ ತೇರು. ತೇರು ಕದಲುತ್ತಿದ್ದ ಹಾಗೆ ಎಲ್ಲ ಕಡೆಯಿಂದ ಬಾಳೆಹಣ್ಣು ಹಾರುತ್ತದೆ. ಅತ್ತೆ ಜನರ ಮಧ್ಯೆ ಕಾಲ್ಬೆರಳ ಮೇಲೆ ನಿಂತು ಎಸೆಯುತ್ತಾರೆ, ಕಳಸಕ್ಕೆ ತಗುಲಿದರೆ ಆ ವರ್ಷ ಒಳ್ಳೆಯದಾಗುತ್ತದೆ ಅಂತ ಅವರ ಮನಸ್ಸಿಗೆ. ತಗುಲಿತು ಅಂತ ಅವರು ತಿರುಗಿ ನೋಡಿದಾಗ ಮುಖದಲ್ಲಿ ಇರುವ ಖುಷಿಗೇ ನಾನು ವರ್ಷಾ ಹೋಗುತ್ತೇನೆ. ಆಮೇಲೆ ಬಳೆ, ಪೀಪಿ, ಬಲೂನು, ಬಿಸಿ ಮೆಣಸಿನಕಾಯಿ ಬಜ್ಜಿ. ಬಜ್ಜಿ, ಜಿಲೇಬಿ ಅಲ್ಲೇ ನಿಂತು ತಿನ್ನಬೇಕು. ಮನೆಗೆ ಕಟ್ಟಿಸಿಕೊಂಡರೆ ಬಸ್ಸಿನಲ್ಲೇ ಮೆತ್ತಗಾಗುತ್ತದೆ.

ಮನೆಗೆ ತರುವುದು ಕಡ್ಲೆಪುರಿ, ಖಾರ, ಬೆಂಡು ಬತ್ತಾಸು, ಖರ್ಜೂರ. ಜೊತೆಗೆ ಪೂಜೆಯ ತೆಂಗಿನಕಾಯಿ ಹೋಳು, ಬಾಳೆಹಣ್ಣು. ಎಷ್ಟೇ ಸುಸ್ತಾಗಿದ್ದರೂ ರಾತ್ರಿಯೇ ಚೀಲ ಬಿಚ್ಚುತ್ತೇನೆ. ಯಾವುದು ಮೊದಲು ಕೆಡುತ್ತದೋ ಅದು ಮೇಲೆ ಬರಬೇಕು. ಮೊದಲು ಕೆಡುವುದು ಕಾಯಿಹೋಳು. ಒಡೆದ ಕಾಯಿ ಚೀಲದಲ್ಲಿ ಬೆವರಿದರೆ ಮಾರನೇ ದಿನಕ್ಕೇ ಲೋಳೆ ಬರುತ್ತದೆ. ಆದ್ದರಿಂದ ತಕ್ಷಣ ತೊಳೆದು, ಒರೆಸಿ ಫ್ರಿಜ್ಜಿಗೆ. ನಾಲ್ಕೈದು ಹೋಳು ಒಟ್ಟಿಗೆ ಇದ್ದರೆ ಅದಕ್ಕೆ ನಮ್ಮ ಕಡೆ ಒಂದೇ ಉತ್ತರ, ಒತ್ತು ಶಾವಿಗೆ, ಕಾಯಿಹಾಲು. ಕಾಯಿ ರುಬ್ಬಿ ಹಾಲು ಹಿಂಡಿ, ಬೆಲ್ಲ, ಏಲಕ್ಕಿ, ಹುರಿದ ಗಸಗಸೆ ಹಾಕಿದರೆ ಆಯಿತು. ಶಾವಿಗೆ ಒತ್ತಲು ಮನೆಯವರು ಬರುತ್ತಾರೆ, ಮರದ ಒರಳು ತಿರುಗಿಸುವುದು ಅವರ ಕೆಲಸ. ಜಾತ್ರೆಯ ಮಾರನೇ ದಿನದ ತಿಂಡಿ ನಮ್ಮಲ್ಲಿ ಅದೇ. ಅಷ್ಟು ಪುರುಸೊತ್ತು ಇಲ್ಲದವರು ತುರಿದು ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ, ವಾರಗಟ್ಟಲೆ ಬರುತ್ತದೆ. ಇಲ್ಲವೇ ಕೊಬ್ಬರಿಮಿಠಾಯಿ.

ಬಾಳೆಹಣ್ಣಿಗೆ ಒಂದು ಗುಣ ಇದೆ. ಮಾಗುವಾಗ ಅದು ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ, ಪಕ್ಕದಲ್ಲಿ ಇರುವ ಬೇರೆ ಹಣ್ಣೂ ಬೇಗ ಮಾಗುತ್ತದೆ, ಸೊಪ್ಪು ಹಳದಿಯಾಗುತ್ತದೆ. ಹಾಗಾಗಿ ತರಕಾರಿ ಬುಟ್ಟಿಯಿಂದ ದೂರ ಇಡಿ. ಸಿಪ್ಪೆ ಕಪ್ಪಾದ ಮಾತ್ರಕ್ಕೆ ಹಣ್ಣು ಕೆಟ್ಟಿಲ್ಲ, ಆಗಲೇ ಸಿಹಿ ಜಾಸ್ತಿ. ಮೊದಲ ದಿನ ಬೆಲ್ಲ, ಕಾಯಿತುರಿ, ಏಲಕ್ಕಿ ಹಾಕಿ ರಸಾಯನ. ಇನ್ನೂ ಮೆತ್ತಗಾದರೆ ಕಿವುಚಿ, ಬೆಲ್ಲ, ಚಿರೋಟಿ ರವೆ, ಸ್ವಲ್ಪ ಅಕ್ಕಿಹಿಟ್ಟು ಕಲಸಿ ಒಂದರ್ಧ ಗಂಟೆ ಬಿಟ್ಟು ಪಡ್ಡಿನ ಹೆಂಚಿನಲ್ಲಿ ತುಪ್ಪ ಹಾಕಿ ಸಿಹಿ ಗುಳಿಯಪ್ಪ. ಹೆಂಡದ ವಾಸನೆ ಬಂದರೆ, ತೊಟ್ಟಿನ ಹತ್ತಿರ ಬೂಷ್ಟು ಕಂಡರೆ ಮಾತ್ರ ಬೇಡ.

ಕಡ್ಲೆಪುರಿ ಅಂತೂ ನನ್ನ ಪ್ರೀತಿಯ ಪದಾರ್ಥ. ಅದರ ಮೊದಲ ಪಾಲು ಅಕ್ಕಪಕ್ಕದ ಮನೆಗೆ. ಜಾತ್ರೆಗೆ ಹೋಗಿ ಬಂದವರು ಪುರಿ, ಬತ್ತಾಸು ಹಂಚದಿದ್ದರೆ ಹೇಗೆ? ಉಳಿದದ್ದು ಎರಡು ದಿನಕ್ಕೆ ಮೆತ್ತಗಾಗುತ್ತದೆ. ಅದು ಕೆಟ್ಟಿದ್ದಲ್ಲ, ಗಾಳಿಯ ತೇವ ಎಳೆದುಕೊಂಡಿರುತ್ತದೆ ಅಷ್ಟೇ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬೆಚ್ಚಗೆ ಮಾಡಿದರೆ ಮತ್ತೆ ಗರಿಗರಿ. ಪೂರ್ತಿ ಆರಿದ ಮೇಲೆಯೇ ಸ್ಟೀಲ್ ಡಬ್ಬಿಗೆ ತುಂಬಬೇಕು, ಬಿಸಿಯಲ್ಲೇ ಮುಚ್ಚಿದರೆ ಒಳಗೇ ಬೆವರಿ ಮತ್ತೆ ಅದೇ ಕಥೆ. ಒಗ್ಗರಣೆ ಹಾಕುವುದಾದರೆ ಎಣ್ಣೆಗೆ ಸಾಸಿವೆ, ಕಡ್ಲೆಕಾಯಿಬೀಜ, ಹುರಿಗಡಲೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಒಣಮೆಣಸಿನಕಾಯಿ. ಬೆಳ್ಳುಳ್ಳಿಯಲ್ಲಿ ನೀರಿನಂಶ ಉಳಿಯದ ಹಾಗೆ ಕೆಂಪಗೆ ಹುರಿಯಿರಿ. ಅರಿಶಿನ, ಉಪ್ಪನ್ನೂ ಎಣ್ಣೆಗೇ ಹಾಕಿ ಆಮೇಲೆ ಪುರಿ ಸುರಿಯಿರಿ, ಆಗ ಎಲ್ಲ ಕಡೆ ಸಮ ಹತ್ತುತ್ತದೆ. ತೀರಾ ಮೆತ್ತಗಾಗಿದ್ದರೆ ನೀರಿಗೆ ಹಾಕಿ ತಕ್ಷಣ ಹಿಂಡಿ, ಈರುಳ್ಳಿ ಒಗ್ಗರಣೆಗೆ ಹಾಕಿ ಉಪ್ಪಿಟ್ಟಿನ ಹಾಗೆ ಮಾಡಬಹುದು. ದಾವಣಗೆರೆ ಕಡೆಯವರು ಮಂಡಕ್ಕಿಯಲ್ಲಿ ಮಾಡುವ ಸುಸಲ ಇದೇ.

ಅನ್ನದ ವಿಷಯದಲ್ಲಿ ಮಾತ್ರ ಯಾರು ಏನೇ ಹೇಳಿದರೂ ನಾನು ಬಗ್ಗುವುದಿಲ್ಲ. ನೆಂಟರು ಬರುತ್ತಾರೆ ಅಂತ ಜಾಸ್ತಿ ಅನ್ನ ಮಾಡಿ, ಮಧ್ಯಾಹ್ನದಿಂದ ರಾತ್ರಿವರೆಗೆ ಕುಕ್ಕರಿನಲ್ಲೇ ಬಿಟ್ಟು, ವಾಸನೆ ನೋಡಿ ಸರಿಯಿದೆ ಅಂತ ಬಿಸಿ ಮಾಡಿ ಬಡಿಸುವುದು ತಪ್ಪು. ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಅನ್ನುವ ಒಂದು ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ ಹೊರಗೇ ಕೂತಷ್ಟೂ ಬೆಳೆದು ವಿಷ ಬಿಡುತ್ತವೆ, ಆ ವಿಷ ಬಿಸಿ ಮಾಡಿದರೆ ಹೋಗುವುದಿಲ್ಲ, ವಾಸನೆಗೂ ಗೊತ್ತಾಗುವುದಿಲ್ಲ. ಎರಡು ಗಂಟೆಯೊಳಗೆ ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ ಫ್ರಿಜ್ಜಿಗೆ ಇಟ್ಟರೆ ಮಾರನೇ ದಿನ ಧೈರ್ಯವಾಗಿ ಚಿತ್ರಾನ್ನ ಮಾಡಬಹುದು. ಅತ್ತೆ ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು ಬೆಳಗ್ಗೆ ಮಜ್ಜಿಗೆ, ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ತಂಗಳು ಉಣ್ಣುತ್ತಾರೆ. ಅದು ನೀರಿನಲ್ಲಿ ಹುಳಿ ಬರಿಸುವ ಬೇರೆಯದೇ ಕ್ರಮ. ಇವತ್ತಿನದು ಇವತ್ತಿಗೆ ಮುಗಿಯುತ್ತದೆ, ಎರಡನೇ ದಿನಕ್ಕೆ ಅಂತ ಅವರೂ ಇಡುವುದಿಲ್ಲ.

ಬಸ್ಸಾರಿನ ಮಾತು ಬೇರೆ, ಮಾರನೇ ದಿನವೇ ಅದಕ್ಕೆ ರುಚಿ. ಆದರೆ ಅದನ್ನೂ ರಾತ್ರಿ ಚೆನ್ನಾಗಿ ಕುದಿಸಿ, ಆರಿಸಿ ಒಳಗಿಡಬೇಕು. ಜಾತ್ರೆಯಿಂದ ಬಂದು ನೋಡಿದರೆ ಕರೆಂಟ್ ಹೋಗಿದೆ ಅಂದರೆ, ಬಾಗಿಲು ತೆಗೆಯದೆ ಇದ್ದ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ. ಸುಮ್ನೆ ಮತ್ತೆ ಮತ್ತೆ ತೆಗೆದು ನೋಡಬೇಡಿ.

ಇಷ್ಟಾದರೂ ಸ್ವಲ್ಪ ಉಳಿಯುತ್ತದೆ. ಅತ್ತೆ ತವರಿನಲ್ಲಿ ಉಳಿದದ್ದೆಲ್ಲ ಕಲಗಚ್ಚಿಗೆ ಹೋಗುತ್ತಿತ್ತು. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲ ಸೇರಿ ಎಮ್ಮೆಗೆ. ನಮ್ಮ ಬೀದಿಯಲ್ಲೂ ಹಸು ಸಾಕಿದವರು ಒಬ್ಬರು ಇದ್ದಾರೆ, ಸಿಪ್ಪೆಯನ್ನೆಲ್ಲ ಅವರ ಮನೆಗೆ ಕೊಡುತ್ತೇನೆ. ಆದರೆ ಹಬ್ಬ ಜಾತ್ರೆ ಕಳೆದ ಮೇಲೆ ಪಾತ್ರೆಗಟ್ಟಲೆ ಅನ್ನ, ಹೋಳಿಗೆ, ಸಿಹಿತಿಂಡಿಯನ್ನು ಪುಣ್ಯ ಅಂತ ಹಸುವಿನ ಮುಂದೆ ಸುರಿಯುವವರನ್ನು ಕಂಡರೆ ನಾನು ಹೋಗಿ ಬೇಡ ಅನ್ನುತ್ತೇನೆ. ಹುಲ್ಲು ತಿನ್ನುವ ಹೊಟ್ಟೆಗೆ ಒಂದೇ ಸಲ ಅಷ್ಟು ಅನ್ನ ಹೋದರೆ ಒಳಗೆ ಹುಳಿ ಹೆಚ್ಚಿ, ಹೊಟ್ಟೆ ಉಬ್ಬರಿಸಿ ಹಸು ಸತ್ತೇಹೋಗಬಹುದು. ಬೂಷ್ಟು ಹಿಡಿದದ್ದನ್ನಂತೂ ಕೊಡಲೇಬಾರದು, ಅದು ಗೊಬ್ಬರದ ಗುಂಡಿಗೆ. ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ದಂಟು, ಅವರೇಕಾಯಿ ಸಿಪ್ಪೆ ಕೊಡಿ, ಖುಷಿಯಾಗಿ ತಿನ್ನುತ್ತವೆ. ಕೊಡುವಾಗ ಪ್ಲಾಸ್ಟಿಕ್ ಕವರಿನಿಂದ ಬಿಡಿಸಿ, ಮಂಕರಿಗೆ ಹಾಕಿ ಕೊಡಿ.