ಹೇಳಿಕೆ ಬರ್ಕೊಳ್ಳೋರು

ಚಿಕ್ಕಮ್ಮನ ಮಗಳು ಪಿಎಸ್‌ಐ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೊ ಕೇಸು ಬಂದರೆ ಯೂನಿಫಾರ್ಮ್ ಬಿಟ್ಟು ಚೂಡಿದಾರ್ ಹಾಕ್ಕೊಂಡು, ಮಗು ಇರೋ ಕಡೆಗೇ ಹೋಗಿ ಹೇಳಿಕೆ ಬರ್ಕೋತಾಳೆ. ಮಗು ಹೆದರಬಾರದು ಅಂತ ಕಾನೂನೇ ಹಾಗಿದೆ. ಒಳ್ಳೇ ಕಾನೂನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದಕ್ಷರ ಬಿಡದೆ ಬರೆದದ್ದನ್ನ ಚಾರ್ಜ್‌ಶೀಟಿಗೆ ಮತ್ತೆ ಓದಬೇಕು, ಕೋರ್ಟಲ್ಲಿ ಸಾಕ್ಷಿ ಹೇಳುವಾಗ ಇನ್ನೊಮ್ಮೆ. ಈಗ ತನ್ನ ಮಗಳನ್ನ ಪಕ್ಕದ ಮನೆಗೂ ಕಳಿಸಲ್ಲ. ‘ಪೊಲೀಸ್ ಬುದ್ಧಿ’ ಅಂತ ಮನೇಲಿ ನಗ್ತಾರೆ.

2013ರಲ್ಲಿ ಬಂದ ಡಿಎಸ್‌ಎಂ-5, ಅಂದ್ರೆ ಅಮೆರಿಕದ ಮನೋವೈದ್ಯರ ಕೈಪಿಡಿ, ಪಿಟಿಎಸ್‌ಡಿ (ಆಘಾತದ ನಂತರ ಬಿಡದೆ ಕಾಡೋ ಮಾನಸಿಕ ಕಾಯಿಲೆ) ಬಗ್ಗೆ ಹೇಳುವಾಗ ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳನ್ನ ಪದೇ ಪದೇ ಎದುರಿಸೋ ಪೊಲೀಸರನ್ನೇ ಉದಾಹರಣೆ ಕೊಟ್ಟಿದೆ. ಇವಳಿಗೆ ಕೌನ್ಸೆಲರ್ ಹತ್ರ ಹೋಗು ಅಂದ್ರೆ, "ಪ್ರಮೋಷನ್ ಟೈಮಲ್ಲಿ ಯಾಕಕ್ಕಾ" ಅಂತಾಳೆ. ನಾಳೆ ಬಂದೋಬಸ್ತ್ ಬೇರೆ ಇದೆಯಂತೆ.